ಬೆನ್ನು ತಿಕ್ಕುವ ಊರಿಗೆ ಬಂದು

ಸಿರುಗುಪ್ಪಕ್ಕೆ ಬಂದ ಮೊದಲ ಭಾನುವಾರವೇ ನಾನು ಮನೆಯ ಮಾಲಕಿಯ ತುರುಬಿಗೆ ಕೈ ಹಾಕಿದೆ. ಸುಮ್ಮಸುಮ್ಮನೆ ಅಲ್ಲ. ಆಕೆ ನನ್ನ ಏಳು ವರ್ಷದ ಮಗಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು, ಒಂದು ಕರಿ ಕಲ್ಲಿನಿಂದ ಬೆನ್ನು ಉಜ್ಜುತ್ತಿದ್ದಳು. ಮಗು ಸೂರು ಹಾರಿಹೋಗುವ ಹಾಗೆ ಅರಚುತ್ತಿತ್ತು. ನಾನು ತುರುಬು ಹಿಡಿದು ಜಗ್ಗಿದೆ. ಆಕೆ ತಿರುಗಿಯೂ ನೋಡದೆ ಮೊಣಕೈಯಿಂದ ನನ್ನ ಎದೆಗೆ ತಿವಿದಳು. ನಾನು ಹೋಗಿ ಗೋಡೆಗೆ ಬಡಿದುಕೊಂಡೆ.

“ಎಣ್ಣಿ ಹಚ್ಚಿ ಕೂಸನ್ನ ಅಂಗಳದಾಗ ಬಿಡ್ತಾರೇನಬೇ? ಗಿರಣಿ ಬೂದಿ ಹೆಂಗ ಕುಂತೈತಿ ನೋಡಿಲ್ಲಿ! ಹಂಗ ಬಿಟ್ರ ಸಂಜೀತನ ಮೈತುಂಬ ಗುಳ್ಳಿ ಏಳ್ತಾವು!”

ಆಕೆಯೇ ಶಾಂತವ್ವ. ಇಷ್ಟು ಅಶಾಂತಿಯ ಹೆಂಗಸಿಗೆ ಆ ಹೆಸರಿಟ್ಟ ಪುಣ್ಯಾತ್ಮ ಯಾರೋ.

ನಾನು ಮಾಡಿದ್ದು ನೀವೂ ಮಾಡುವ ಕೆಲಸವೇ. ನಮ್ಮ ಕುಂದಾಪುರದ ಕಡೆ ಭಾನುವಾರ ಬಂತೆಂದರೆ ಮಕ್ಕಳಿಗೆ ನೆತ್ತಿಯಿಂದ ಅಂಗಾಲಿನವರೆಗೆ ತೆಂಗಿನೆಣ್ಣೆ ಬಳಿದು, ಎಣ್ಣೆ ಇಳಿಯಲಿ ಎಂದು ಅಂಗಳಕ್ಕೆ ಬಿಡುತ್ತೇವಲ್ಲ? ಕಡಲ ಗಾಳಿಯಲ್ಲಿ ಉಪ್ಪು ಬಿಟ್ಟರೆ ಮತ್ತೇನಿದೆ! ಇಲ್ಲಿ ಮನೆಯ ಹಿಂದೆಯೇ ಅಕ್ಕಿ ಗಿರಣಿಗಳು. ಭತ್ತಕ್ಕೆ ಇಲ್ಲಿಯವರು ನೆಲ್ಲು ಎನ್ನುತ್ತಾರೆ. ಆ ನೆಲ್ಲಿನ ಹೊಟ್ಟನ್ನೇ ಬಾಯ್ಲರಿಗೆ ಹಾಕಿ ಉರಿಸುತ್ತಾರೆ. ಗಾಳಿ ತಿರುಗಿದರೆ ಬೂದಿಯೆಲ್ಲ ನಮ್ಮ ಅಂಗಳಕ್ಕೆ. ಎಣ್ಣೆ ಹಚ್ಚಿದ ನನ್ನ ಮಗಳು ಅರ್ಧ ಗಂಟೆಯಲ್ಲಿ ಕಾವಲಿಯ ತಳದ ಹಾಗೆ ಆಗಿದ್ದಳು.

ನಾವು ಬಂದದ್ದು ಆ ಗಿರಣಿಗಳಿಗಾಗಿಯೇ. ನನ್ನ ಗಂಡ ಬಂದರಿನ ಐಸ್ ಪ್ಲಾಂಟಿನಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವರು. ಅದು ಮುಚ್ಚಿತು. ಇಲ್ಲಿಯ ಗಿರಣಿಯೊಂದು ಕರೆಯಿತು. ನಾನು ಹೊಲಿಗೆ ಮಷಿನ್ ಹೊತ್ತುಕೊಂಡು ಬಂದೆ. ಬಳ್ಳಾರಿಯಲ್ಲಿ ರೈಲು ಇಳಿದಾಗಲೇ ಬಿಸಿಲು ಮುಖಕ್ಕೆ ರಪ್ಪೆಂದು ಬಾರಿಸಿತು. ನಮ್ಮಲ್ಲಿ ಬಿಸಿಲು ಬೆವರಿಳಿಸಿ ಗೋಳು ಹೊಯ್ದುಕೊಳ್ಳುತ್ತದೆ, ಇಲ್ಲಿಯದು ಮಾತಿಲ್ಲದೆ ಹೊಡೆಯುತ್ತದೆ. ತಿಂಗಳೊಳಗೆ ನನ್ನ ತುಟಿ ಒಡೆಯಿತು, ಬೆರಳ ಸಂದಿ ಸೀಳಿತು. ಹಿಮ್ಮಡಿ ಬಿರುಕು ಬಿಟ್ಟು, ಒರೆಸಿದ ನೆಲದ ಮೇಲೆ ನಡೆದರೆ ರಕ್ತದ ಗುರುತು ಮೂಡುತ್ತಿತ್ತು.

ಅದನ್ನು ನೋಡಿದವಳೂ ಶಾಂತವ್ವನೇ. ಜಗಳದ ಮಾರನೆಯ ತಿಂಗಳು ಔಡಲ ಎಣ್ಣಿ, ಎಂದರೆ ನಮ್ಮ ಹರಳೆಣ್ಣೆ, ಬಿಸಿ ಮಾಡಿ ತಂದು ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಬಿರುಕಿನೊಳಗೆ ಹೆಬ್ಬೆರಳಿಟ್ಟು ಒತ್ತಿದಳು. ನಾನು ಕಿರುಚಿದೆ. “ಒದರು, ಒದರು. ನೋವಾಗದಂಗ ವಾಸಿಯಾಗಂಗಿಲ್ಲ,” ಎಂದಳು. ಮುಖಕ್ಕೆ ಹಾಲಿನ ಕೆನೆ, ಮೈಗೆ ಕಡಲೆಹಿಟ್ಟು, ಬೇಸಿಗೆಯ ಗುಳ್ಳೆಗೆ ಬೇವು, ಇಡೀ ಮನೆಗೆ ಇಷ್ಟೇ ಆಕೆಯ ಔಷಧ. ಎಲ್ಲವನ್ನೂ ಹಚ್ಚುವುದು ಮಾತ್ರ ಗುದ್ದಾಟದ ಹಾಗೆ.

ಇಲ್ಲಿಯ ದೊಡ್ಡ ವಿಚಿತ್ರವೆಂದರೆ ಬೆನ್ನು ತಿಕ್ಕುವುದು. ನಮ್ಮಲ್ಲಿ ಬಚ್ಚಲ ಚಿಲಕ ಬಿತ್ತೆಂದರೆ ಯಮ ಬಂದರೂ ಹೊರಗೇ ಕಾಯಬೇಕು. ಶಾಂತವ್ವನ ಅಂಗಳದಲ್ಲಿ ಸೋಮವಾರ ಬೆಳಿಗ್ಗೆ ಅಕ್ಕಪಕ್ಕದ ಹೆಂಗಸರು ಬರುತ್ತಾರೆ. ಮಣೆಯ ಮೇಲೆ ಕೂತು ಒಬ್ಬರ ಬೆನ್ನು ಒಬ್ಬರು ಆ ಕರಿ ಕಲ್ಲಿನಿಂದ ತಿಕ್ಕುತ್ತಾರೆ. ಊರ ಸುದ್ದಿಯೆಲ್ಲ ಅಲ್ಲೇ. “ತನ್ನ ಬೆನ್ನು ತನಗೆ ಕಾಣೂದಿಲ್ಲ ತಾಯಿ. ಇನ್ನೊಬ್ಬರು ತಿಕ್ಕಬೇಕು. ಇಲ್ಲಂದ್ರ ಅದು ಮನಿ ಅಲ್ಲ, ಛತ್ರ,” ಎನ್ನುತ್ತಿದ್ದಳು ಶಾಂತವ್ವ. ನಾನು ಚಿಲಕ ಹಾಕಿಕೊಳ್ಳುವುದನ್ನು ಬಿಡಲಿಲ್ಲ.

ಚಿಲಕ ಹಾಕಿಕೊಳ್ಳುವವಳು ಇನ್ನೊಬ್ಬಳಿದ್ದಳು. ಶಾಂತವ್ವನ ಸೊಸೆ ರೇಣುಕಾ, ಕುರುಗೋಡಿನ ಹುಡುಗಿ. ಮದುವೆಯಾಗಿ ಎರಡು ವರ್ಷ. ಸೋಮವಾರ ಬಂದರೆ ಒಂದಲ್ಲ ಒಂದು ನೆಪ. “ಇಬ್ಬರಿಗೂ ಬಂಗಾರದ ಬೆನ್ನು ಐತಿ, ಸವದು ಹೋಗತೈತಿ,” ಎಂದು ಶಾಂತವ್ವ ಕುಟುಕುತ್ತಿದ್ದಳು. ನನ್ನ ಹಾಗೆಯೇ ನಾಚಿಕೆಯ ಹೆಣ್ಣು ಎಂದು ನನಗೆ ಅವಳ ಮೇಲೆ ಅಕ್ಕರೆ.

ಯುಗಾದಿಗೆ ಮುಂಚೆ ಅವಳು ಕುಪ್ಪಸಕ್ಕೆ ಅಳತೆ ಕೊಡಲು ಬಂದಳು. “ಬೆನ್ನು ಪೂರಾ ಮುಚ್ಚಿರಬೇಕಕ್ಕಾ, ಕುತ್ತಿಗಿತನ,” ಎಂದಳು. ಇಷ್ಟು ಸೆಕೆಯಲ್ಲೇ ಎಂದು ನಗುತ್ತ ಟೇಪನ್ನು ಬೆನ್ನಿಗೆ ಇಟ್ಟೆ. ಅವಳು ಬಿಸಿ ತಾಗಿದವಳಂತೆ ಜಿಗಿದಳು. ಸೆರಗು ಜಾರಿತು. ಹಳೆಯ ಕುಪ್ಪಸದ ಹೊಲಿಗೆಗೆ ರಕ್ತ ಅಂಟಿ ಒಣಗಿತ್ತು. ಕುತ್ತಿಗೆಯಿಂದ ಕೆಳಕ್ಕೆ ಬೆರಳಗಲದ ಪಟ್ಟೆಗಳು, ಕೆಲವು ಕಪ್ಪು, ಕೆಲವು ಹಸಿ. ಅವಳ ಗಂಡ ವಿರೂಪಾಕ್ಷಿ ನೆಲ್ಲು ಕೊಯ್ಯುವ ಯಂತ್ರ ಓಡಿಸುತ್ತಾನೆ. ಅದರ ಹಳೆಯ ಬೆಲ್ಟೊಂದು ಅವರ ಕೋಣೆಯ ಗೂಟಕ್ಕೆ ನೇತಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ.

“ಅತ್ತಿ ಮುಂದ ಹೇಳಬ್ಯಾಡಕ್ಕಾ,” ಎಂದಳು. “ಆಕಿಗೆ ಒಬ್ಬನ ಮಗ. ನನ್ನ ಮಾತು ನಂಬ್ತಾಳೇನು? ಬಾಯಿ ಬಿಟ್ಟರ ಕಾಲುವಿಗೆ ಹಾಕ್ತೀನಂದಾನ. ಹಾಕ್ತಾನಕ್ಕಾ ಆತ. ನನ್ನಾಣಿ ಮಾಡು.” ನಾನು ಆಣೆ ಮಾಡಿದೆ. ಹುಣ್ಣಿನ ಮೇಲೆ ತೆಂಗಿನೆಣ್ಣೆ ಹಚ್ಚಿದೆ. ಬೇರೇನು ಹಚ್ಚಬೇಕೆಂದು ನನಗೂ ತಿಳಿಯಲಿಲ್ಲ, ಬಳ್ಳಾರಿಯ ಆಸ್ಪತ್ರೆಗೆ ಹೋಗೋಣವೆಂದರೆ ಅವಳು ಕೈ ಮುಗಿದಳು.

ಗಂಡನಿಗೆ ಹೇಳಿದೆ. “ಸುಮ್ನಿರ್ ಮಾರಾಯ್ತಿ. ಬಾಡ್ಗಿ ಮನ್ಯಂಗ್ ಇಪ್ಪುದ್ ನಾವ್. ಅವ್ರ್ ಮನಿ ಸುದ್ದಿ ನಮ್ಗ್ಯಾಕೆ?” ಎಂದರು.

ಶಾಂತವ್ವ ಗದ್ದೆ ನೋಡಲು ದೇಶನೂರಿಗೆ ಹೋದ ಮಧ್ಯಾಹ್ನಗಳಲ್ಲೇ ಅದು ನಡೆಯುತ್ತಿತ್ತು. ಗೊತ್ತಾದ ಮೇಲೆ ಕಿವಿ ಮುಚ್ಚಿಕೊಂಡರೂ ಕೇಳುತ್ತದೆ. ಬೆಲ್ಟು ಬೀಸುವ ಸದ್ದು, ಆಮೇಲೆ ಉಸಿರು ಕಟ್ಟಿದ ಸದ್ದು. ಅವಳು ಕೂಗುತ್ತಿರಲಿಲ್ಲ, ಅದೇ ಸಹಿಸಲಾಗುತ್ತಿರಲಿಲ್ಲ. ಒಂದು ದಿನ ಕತ್ತರಿಯ ಹಿಡಿಯಿಂದ ಅವರ ಕೋಣೆಗೂ ನಮ್ಮ ಕೋಣೆಗೂ ನಡುವಿನ ಗೋಡೆಗೆ ಗಾರೆ ಉದುರುವಷ್ಟು ಬಡಿದೆ. ಆ ಕಡೆ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಗೋಡೆ ಬಡಿದ ತಪ್ಪಿಗೂ ಅವಳೇ ಏಟು ತಿಂದಳು. ಅವನನ್ನು ಕೊಂದುಬಿಡಬೇಕು ಎಂದು ನನಗೆ ಅನಿಸಿತು. ಮೀನು ಹೆಚ್ಚಿದ ಕೈ ನನ್ನದು, ಅದೇನು ದೊಡ್ಡದಲ್ಲ ಎಂದೂ ಅನಿಸಿತು.

ಯುಗಾದಿ ಬಂತು. ಹಂಡೆಯಲ್ಲಿ ಬೇವಿನೆಲೆ ಕುದಿಯುತ್ತಿತ್ತು. ಆ ದಿನ ಮನೆಯ ಹಿರಿಯ ಹೆಂಗಸು ಎಲ್ಲರ ನೆತ್ತಿಗೂ ಎಣ್ಣೆ ಇಟ್ಟು, ತಾನೇ ಮೈ ತಿಕ್ಕಿ ಜಳಕ ಮಾಡಿಸಬೇಕು. ಮದುವೆಯಾದ ಮಗನಿಗೂ ವಿನಾಯಿತಿ ಇಲ್ಲ. ಹೋದ ವರ್ಷ ರೇಣುಕಾ ತವರಲ್ಲಿದ್ದಳು. ಈ ವರ್ಷ ಶಾಂತವ್ವ ಸೆರಗು ಸಿಕ್ಕಿಸಿ ಬಚ್ಚಲ ಬಾಗಿಲಲ್ಲಿ ನಿಂತು, “ಬಾ ಸೊಸೀ. ಇವತ್ತ ನಿನ್ನ ಚಿಲಕ ನಡಿಯಂಗಿಲ್ಲ,” ಎಂದಳು.

ರೇಣುಕಾ ಹೊಸಿಲಲ್ಲಿ ನಿಂತು ಚೌಕಟ್ಟು ಹಿಡಿದುಕೊಂಡಳು. “ಜ್ವರ ಬಂದಂಗಾಗೈತಿ ಅತ್ತಿ,” ಎಂದಳು. ನನ್ನ ಕಡೆ ನೋಡಿದಳು. ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿದ್ದೆ, ತಳ್ಳುವುದಿಲ್ಲ ಎಂದು ಮಾಡಿರಲಿಲ್ಲ. ಅವಳ ಬೆರಳುಗಳನ್ನು ಚೌಕಟ್ಟಿನಿಂದ ಒಂದೊಂದಾಗಿ ಬಿಡಿಸಿ ಒಳಗೆ ನೂಕಿದೆ.

ಒಳಗೆ ನೀರಿನ ಸದ್ದು ನಿಂತಿತು. ಆಮೇಲೆ ಶಾಂತವ್ವ ಸೊಸೆಗೆ ತನ್ನ ಮಡಿ ಸೀರೆ ಹೊದಿಸಿ ಕೈಹಿಡಿದು ತಂದು ನನ್ನ ಮಂಚದ ಮೇಲೆ ಕೂರಿಸಿದಳು.

“ನಿನಗ ಗೊತ್ತಿತ್ತೇನು?” ಎಂದು ನನ್ನನ್ನು ಕೇಳಿದಳು.

ಹೌದೆಂದು ತಲೆ ಆಡಿಸಿದೆ. ಎಣ್ಣೆಗೈ ನನ್ನ ಕೆನ್ನೆಗೆ ಬಿತ್ತು. ಕಣ್ಣಲ್ಲಿ ಬೆಂಕಿ ಹಾರಿತು. ಅಪ್ಪನೂ ನನಗೆ ಹಾಗೆ ಹೊಡೆದವರಲ್ಲ.

ಶಾಂತವ್ವ ಅಂಗಳಕ್ಕೆ ಹೋಗಿ ಮೆತ್ತಗಿನ ದನಿಯಲ್ಲಿ ಕರೆದಳು. “ವಿರೂಪಾಕ್ಷೀ, ಬಾರೋ ಮಗನ. ನಿನ್ನ ಪಾಳಿ. ಎಣ್ಣಿ ಆರತೈತಿ.”

ಅವನು ಅರೆ ಪಂಚೆಯಲ್ಲಿ ಬಂದು ಮಣೆಯ ಮೇಲೆ ಕೂತ. ಆಕೆ ಬಾಗಿಲು ಹಾಕಲಿಲ್ಲ. ನೆತ್ತಿಗೆ ಎಣ್ಣೆ ಇಟ್ಟು, ನೂರು ವರ್ಷ ಬಾಳು ಎಂದಳು. ಹಂಡೆಯಿಂದ ನೀರು ಮೊಗೆದು ಹಾಗೇ ಬೆನ್ನಿಗೆ ಸುರಿದಳು. ಅವನು “ಯವ್ವಾ, ಸುಡತೈತಿ!” ಎಂದು ಏಳಲು ಹೋದ. ಹೆಗಲು ಒತ್ತಿ ಕೂರಿಸಿ ಕಲ್ಲು ತೆಗೆದುಕೊಂಡಳು.

ಮೊದಮೊದಲು ಅವನು ನಕ್ಕ. “ಸಾವಕಾಶ ಬೇ,” ಎಂದ. ಆಕೆ ಒಂದೇ ಜಾಗದಲ್ಲಿ ತಿಕ್ಕುತ್ತಿದ್ದಳು, ಮೇಲಿನಿಂದ ಕೆಳಕ್ಕೆ. ಚರ್ಮ ಕೆಂಪಾಯಿತು, ಸುಲಿಯಿತು, ರಕ್ತ ಜಿನುಗಿತು. ಕಲ್ಲು ನಿಲ್ಲಲಿಲ್ಲ.

“ಉರಿತೈತೇನು?”

“ಉರಿತೈತಬೇ! ಬಿಡು!”

“ಎಲ್ಲಿ?”

“ಬೆನ್ನಾಗ!”

“ಆಕಿಗೂ ಅಲ್ಲೇ ಉರಿತೈತಿ.”

ಅವನಿಗೆ ಆಗ ತಿಳಿಯಿತು. ತಿರುಗಿ ತಾಯಿಯ ಮೇಲೆಯೇ ಕೈ ಎತ್ತಿದ. ಕಲ್ಲು ಅವನ ಮಣಿಕಟ್ಟಿಗೆ ಬಿತ್ತು. ಲಟಕ್ಕೆಂದ ಸದ್ದು ಅಂಗಳಕ್ಕೂ ಕೇಳಿತು. ಜಾರಿ ಬಿದ್ದು ಬೇವಿನೆಲೆಯ ನೀರಿನಲ್ಲಿ ಹೊರಳಾಡುತ್ತ ಬೈಯತೊಡಗಿದ. ಸಿಟ್ಟು ನೆತ್ತಿಗೇರಿದರೆ ಶಾಂತವ್ವನ ಬಾಯಲ್ಲಿ ತೆಲುಗು ಬರುತ್ತದೆ. “ನೋರು ಮೂಯ್!” ಎಂದು ಗುಡುಗಿದಳು, ಬಾಯಿ ಮುಚ್ಚು ಎಂದು. “ಈ ತೊಗಲು ನಾ ಕೊಟ್ಟಿದ್ದು, ಅದಕ್ಕ ಸುಲದೆ. ಆಕಿ ತೊಗಲು ಆಕಿ ಅವ್ವ ಕೊಟ್ಟಿದ್ದು. ನೀ ಯಾವನಲೇ ಅದನ್ನ ಸುಲಿಯಾಕ?”

ಮಧ್ಯಾಹ್ನದ ಬಸ್ಸಿಗೆ ಸೊಸೆಯನ್ನು ತಾನೇ ಕುರುಗೋಡಿಗೆ ಕರೆದುಕೊಂಡು ಹೋದಳು. ಅತ್ತ ಅವರು ಹೋದರು, ಇತ್ತ ಅವನು ಕೈಗೆ ಬಟ್ಟೆ ಸುತ್ತಿಕೊಂಡು ಬಂದು ನನ್ನ ಹೊಲಿಗೆ ಮಷಿನನ್ನು ಒದ್ದು ಚರಂಡಿಗೆ ಕೆಡವಿದ. “ಎಲ್ಲಾ ನಿನ್ನಿಂದಲೇ, ಕಡಲ ದೆವ್ವ!” ಎಂದು ನನ್ನ ಕುತ್ತಿಗೆಗೆ ಕೈ ಹಾಕಿದ. ಅವರ ಮನೆ ಸುದ್ದಿ ನಮಗ್ಯಾಕೆ ಎಂದಿದ್ದ ನನ್ನ ಗಂಡ ಒಳಗಿನಿಂದ ದೊಡ್ಡ ಸ್ಪ್ಯಾನರ್ ಹಿಡಿದು ಬಂದರು. “ಕೈ ತೆಗಿ. ಇಲ್ದಿರೆ ಮಂಡಿ ಒಡ್ದ್ ಹಾಕ್ತೆ,” ಎಂದರು. ಕುಂದಾಪುರದ ಕನ್ನಡ ಅವನಿಗೆ ಒಂದಕ್ಷರ ಬಿಡದೆ ಅರ್ಥವಾಯಿತು. ಸಂಜೆಯೊಳಗೆ ಬಟ್ಟೆಬರೆ ಕಟ್ಟಿಕೊಂಡು ಆಂಧ್ರದ ಕಡೆ ಹೊರಟುಹೋದ.

ಕಥೆ ಇಲ್ಲಿಗೆ ಮುಗಿದು ಎಲ್ಲರೂ ಸುಖವಾಗಿದ್ದೆವು ಎಂದು ಬರೆಯಲಾರೆ. ಶಾಂತವ್ವ ಬೆನ್ನು ತಿಕ್ಕುವುದನ್ನೇ ಬಿಟ್ಟಳು. ಸೋಮವಾರ ಹೆಂಗಸರು ಬಂದರೆ “ಕೈ ನೋವು” ಎನ್ನುತ್ತಿದ್ದಳು. ಕಲ್ಲು ಬಚ್ಚಲ ಮೂಲೆಯಲ್ಲಿ ಒಣಗಿ ಬಿದ್ದಿತ್ತು. ಹೆತ್ತ ಮಗನ ರಕ್ತ ಕಂಡ ಕಲ್ಲು ಅದು. ನಮ್ಮವರು ಮೆಲ್ಲಗೆ ಊರಿಗೆ ವಾಪಸು ಹೋಗುವ ಮಾತು ತೆಗೆದರು. ನಾನು ಮುಂದಿನ ಸೋಮವಾರ ಚಿಲಕ ಹಾಕದೆ ಮಣೆಯ ಮೇಲೆ ಬೆನ್ನು ಬಿಟ್ಟುಕೊಂಡು ಕೂತೆ. “ಅಮ್ಮಾ, ಬನ್ನಿ. ನನ್ನ ಬೆನ್ನು ನನಗೆ ಕಾಣುವುದಿಲ್ಲ,” ಎಂದು ಕೂಗಿದೆ. ಬಂದಳು. ತಿಕ್ಕಿದಳು. ನೋವಿಗೆ ನಾನು ಅತ್ತೆ, ಆಕೆ ಯಾವುದಕ್ಕೆ ಅತ್ತಳೋ ಕೇಳಲಿಲ್ಲ.

ಈಗ ಬೇಸಿಗೆ ರಜೆಗೆ ಊರಿಗೆ ಬಂದಿದ್ದೇನೆ. ನಿಮ್ಮೆಲ್ಲರ ನಡುವೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಎರಡೇ ದಿನದಲ್ಲಿ ತುಟಿ ಕೂಡಿಕೊಂಡಿತು, ಹಿಮ್ಮಡಿ ಮೆತ್ತಗಾಯಿತು. ಮೊನ್ನೆ ಅಮ್ಮನನ್ನು ಬಚ್ಚಲಿಗೆ ಕರೆದು ಬೆನ್ನು ತಿಕ್ಕು ಎಂದೆ. ಪಾಪ, ಅಮ್ಮ ನಾಚಿಕೊಂಡು, ಸೋಪಿನ ನೊರೆ ಸವರಿದಳು. “ಜೋರಾಗಿ ಅಮ್ಮ,” ಎಂದರೆ “ಎಂತ ಹೆಣ್ಣೇ, ಚರ್ಮ ಸುಲಿಕಾ?” ಎಂದಳು. ಮೈ ತೊಳೆದ ಹಾಗೇ ಆಗಲಿಲ್ಲ. ಅಲ್ಲಿದ್ದಾಗ ಈ ಗಾಳಿ ಬೇಕು, ಇಲ್ಲಿದ್ದಾಗ ಆ ಕಲ್ಲು ಬೇಕು.

ನಿನ್ನೆ ರೇಣುಕಾ ಕುರುಗೋಡಿನಿಂದ ಫೋನ್ ಮಾಡಿದ್ದಳು. ತಮ್ಮನ ಮದುವೆಯಂತೆ, ಕುಪ್ಪಸ ಹೊಲಿದುಕೊಡಬೇಕಂತೆ.

“ಬೆನ್ನು ಪೂರಾ ಮುಚ್ಚಿ ಹೊಲಿಯಲೇನೇ?” ಎಂದೆ.

“ಬ್ಯಾಡಕ್ಕಾ. ಎಷ್ಟು ಇಳಸಾಕ ಬರತೈತಿ ಅಷ್ಟು ಇಳಸು.”

“ಗಾಯ ಮಾಯಿತಾ?”

“ಮಾಯ್ದೈತಿ. ಕಲೆ ಹೋಗಿಲ್ಲ. ಏನು ಹಚ್ಚಿದ್ರೂ ಹೋಗವಲ್ದು,” ಎಂದಳು. “ಮದುವಿಗೆ ಆತನೂ ಬರ್ತಾನಂತ, ರಾಜಿ ಮಾಡ್ಸಾಕ ಹಿರ್ಯಾರ್ನ ಕಟಗೊಂಡು. ಬರ್ಲಿ. ಎಲ್ಲಾರೂ ನೋಡ್ಲಿ.”

ರಜೆ ಇನ್ನೂ ಇದೆ. ಚರಂಡಿಗೆ ಬಿದ್ದ ಮಷಿನನ್ನು ನನ್ನ ಗಂಡ ಸರಿಮಾಡಿಟ್ಟಿದ್ದಾರೆ. ನಾಳೆಯ ಬಸ್ಸಿಗೆ ಸಿರುಗುಪ್ಪಕ್ಕೆ ಹೊರಟಿದ್ದೇನೆ, ಅಳತೆ ನನಗೆ ನೆನಪಿದೆ.