ನಾನು ಮಡಿಸಿಟ್ಟ ತಂತಿ

ಅಣ್ಣ ಕಳಿಸಿದ ತಂತಿಯನ್ನು ನಾನು ಬಚ್ಚಿಟ್ಟೆ. ಅದು ಬಂದದ್ದು ಮಂಗಳವಾರವೋ ಬುಧವಾರವೋ — ಈಗ ಖಚಿತವಾಗಿ ಹೇಳಲಾರೆ. ಅತ್ತಿಗೆ ಆಗ ಹಿತ್ತಲಲ್ಲಿ ಸೀರೆ ಹಿಂಡುತ್ತಿದ್ದರೋ, ಅಡುಗೆಮನೆಯಲ್ಲಿ ಬಾಣಲೆಯ ಮುಂದೆ ಕೂತಿದ್ದರೋ, ಅದೂ ಗೊತ್ತಿಲ್ಲ. ಎರಡು ಚಿತ್ರಗಳೂ ನನ್ನ ಕಣ್ಣ ಮುಂದಿವೆ. ಎರಡೂ ಒಟ್ಟಿಗೆ ನಿಜವಾಗಿರಲಾರವು. ಆದರೆ ತಂತಿ ಬಂತು, ನಾನು ಸಹಿ ಹಾಕಿ ತೆಗೆದುಕೊಂಡೆ, ಓದಿದೆ, ನಾಲ್ಕು ಮಡಿಕೆ ಮಾಡಿ ಚರಿತ್ರೆಯ ಪುಸ್ತಕದೊಳಗೆ ಇಟ್ಟೆ — ಇಷ್ಟರಲ್ಲಿ ಮರೆವಿಗೆ ಜಾಗವಿಲ್ಲ.

ಕಾಲೇಜು ಸೇರಿದಾಗಿನಿಂದ ದಿನಚರಿ ಬರೆಯುವ ಅಭ್ಯಾಸ ನನಗೆ. ಈ ಕಾಗದಕ್ಕೆ ಕೂರುವ ಮೊದಲು ಐವತ್ತೇಳರ ಪುಸ್ತಕ ತೆಗೆದು ನೋಡಿದೆ. ಜೂನ್ ತಿಂಗಳ ಆ ವಾರದ ಒಂದು ಪುಟದಲ್ಲಿ ಹೀಗಿದೆ: "ಮೋಡ. ಸೆಖೆ. ಅತ್ತಿಗೆ ಪ್ರಯಾಣಕ್ಕೆಂದು ಕೋಡುಬಳೆ ಕರಿದರು. ನೋಟ್ಸು ಬರೆಯಲಾಗಲಿಲ್ಲ." ಅಷ್ಟೇ. ತಂತಿಯ ಮಾತೇ ಇಲ್ಲ. ಘಟನೆಗೆ ಹತ್ತಿರವಾದ ದಾಖಲೆಯನ್ನು ಹೆಚ್ಚು ನಂಬಬೇಕೆಂದು ಚರಿತ್ರೆಯ ತರಗತಿಯಲ್ಲಿ ನಮಗೆ ಕಲಿಸಿದ್ದರು. ನಾನೂ ಈಗ ಹುಡುಗಿಯರಿಗೆ ಅದನ್ನೇ ಕಲಿಸುತ್ತೇನೆ. ನನ್ನದೇ ಕೈಬರಹದ, ಅದೇ ದಿನದ ದಾಖಲೆ ಸುಳ್ಳು ಹೇಳುತ್ತಿರುವಾಗ —

ಮೊದಲಿನಿಂದ ಹೇಳುತ್ತೇನೆ.

ಯಾದವಗಿರಿಯ ಮನೆಯಲ್ಲಿ ಆಗ ನಾವು ಮೂವರು. ಅರಮನೆಯ ಕಚೇರಿಯಿಂದ ನಿವೃತ್ತರಾಗಿದ್ದ ಅಪ್ಪ, ಎಂ.ಎ. ಮೊದಲ ವರ್ಷ ಮುಗಿಸಿದ್ದ ನಾನು, ಮತ್ತು ಅತ್ತಿಗೆ ನಾಗರತ್ನ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಅಣ್ಣ ಶ್ರೀಕಂಠ ಗಣಿತದ ಮೇಷ್ಟರಾಗಿ ಫೀಜಿಗೆ ಹೋಗಿ ಎರಡು ವರ್ಷವಾಗಿತ್ತು. ಮದುವೆಯಾದ ಹತ್ತು ತಿಂಗಳಿಗೇ ಹೊರಟವನು. ಅವನಿದ್ದ ಶಾಲೆ ದೊಡ್ಡ ದ್ವೀಪದಲ್ಲಿರಲಿಲ್ಲ, ಅದರಾಚೆಗಿನ ಇನ್ನೊಂದು ಚಿಕ್ಕ ದ್ವೀಪದಲ್ಲಿ. ಅಲ್ಲಿಗೆ ವಾರಕ್ಕೊಮ್ಮೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವೊಂದು ಹೋಗುತ್ತಿತ್ತು. ಜನ, ಔಷಧಿ, ಕಾಗದ ಎಲ್ಲಕ್ಕೂ ಅದೇ ದಾರಿ. ಆ ವಿಮಾನ ಬಾತುಕೋಳಿಯ ಹಾಗೆ ಕೂರುತ್ತದೆ ಎಂದು ಅಣ್ಣ ಬರೆದಿದ್ದ. ಅತ್ತಿಗೆ ಆ ಸಾಲನ್ನು ಬಂದವರಿಗೆಲ್ಲ ಓದಿ ಹೇಳಿ ನಗುತ್ತಿದ್ದರು.

ಆ ವರ್ಷ ಅತ್ತಿಗೆಗೆ ಅಲ್ಲಿಗೆ ಹೋಗಲು ಪರವಾನಗಿ ಸಿಕ್ಕಿತು. ಬೊಂಬಾಯಿಯಿಂದ ಹಡಗು, ಆಸ್ಟ್ರೇಲಿಯಾದಿಂದ ವಿಮಾನ, ಕೊನೆಗೆ ಆ ಬಾತುಕೋಳಿ. ಜೊತೆಗೆ ಮದರಾಸಿನ ಒಬ್ಬ ಮೇಷ್ಟರ ಸಂಸಾರ. ಎಲ್ಲ ಗೊತ್ತಾಗಿತ್ತು.

ಅತ್ತಿಗೆ ಹೋಗುವುದರ ಮೇಲೆ ನನ್ನದೂ ಒಂದು ವಿಷಯ ನಿಂತಿತ್ತು. ತುಮಕೂರಿನ ಕಡೆಯ ಒಬ್ಬ ವರ ನನ್ನನ್ನು ಒಪ್ಪಿದ್ದ. ಅವರಿಗೆ ಶ್ರಾವಣದಲ್ಲೇ ಮದುವೆಯಾಗಬೇಕು, ಓದು ಮುಂದುವರಿಸುವ ಮಾತಿಲ್ಲ. ಅಪ್ಪ ಹೂಂ ಎನ್ನುವುದರಲ್ಲಿದ್ದರು. ಅಷ್ಟರಲ್ಲಿ ಅತ್ತಿಗೆಯ ಪರವಾನಗಿ ಬಂತು. ಅಪ್ಪ ನನ್ನನ್ನು ಕರೆದು ಹೇಳಿದರು: "ನಿಮ್ಮತ್ತಿಗೆ ಹೋದ್ಮೇಲೆ ಈ ಮನೆಗೆ ನೀನೇ ದಿಕ್ಕು ಕಣಮ್ಮ. ಎಂ.ಎ. ಮುಗಿಸ್ಕೊ. ಮದುವೆ ಮಾತು ಆಮೇಲೆ ನೋಡೋಣ."

ಅತ್ತಿಗೆ ಹೋದರೆ ನನಗೆ ಒಂದು ವರ್ಷ. ಅತ್ತಿಗೆ ಉಳಿದರೆ ತುಮಕೂರು. ಲೆಕ್ಕ ಇಷ್ಟು ಸರಳವಾಗಿತ್ತು. ಅದನ್ನು ನಾನು ಆಗಲೇ ಇಷ್ಟು ಸ್ಪಷ್ಟವಾಗಿ ನೋಡಿದ್ದೆನೇ, ಅಥವಾ ಈಗ ನೋಡುತ್ತಿದ್ದೇನೆಯೇ — ನೋಡಿದ್ದೆ. ನೋಡಿರಬೇಕು.

ಅದೇ ಹೊತ್ತಿಗೆ ಜ್ವರ ಬಂತು. ಪತ್ರಿಕೆಗಳು ಏಷ್ಯನ್ ಫ್ಲೂ ಎಂದು ಕರೆದ ಜ್ವರ. ಮದರಾಸಿನ ಬಂದರಿಗೆ ಬಂದದ್ದು ಕೆಲವೇ ವಾರಗಳಲ್ಲಿ ನಮ್ಮ ಊರಿಗೂ ಹತ್ತಿತು. ಲಷ್ಕರ್ ಮೊಹಲ್ಲಾದಲ್ಲಿ ಮನೆಮನೆಗೂ ಮಲಗಿದ್ದಾರೆ, ಅರ್ಧಕ್ಕರ್ಧ ಅಂಗಡಿ ತೆರೆದಿಲ್ಲ ಎಂದು ಹಾಲಿನವಳು ಹೇಳಿದಳು. ನಮ್ಮ ಬೀದಿಯಲ್ಲೂ ಗೋಡೆಗಳಾಚೆಯಿಂದ ಕೆಮ್ಮು ಕೇಳುತ್ತಿತ್ತು. ಒಂದು ಮನೆಯಲ್ಲಿ ನಿಂತರೆ ಇನ್ನೊಂದು ಮನೆಯಲ್ಲಿ ಶುರು. ಶಾಂತಸಾಗರದ ದ್ವೀಪಗಳಿಗೂ ಜ್ವರ ಮುಟ್ಟಿದೆಯೆಂದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತು. ಅಪ್ಪ ಅದನ್ನು ಎರಡು ಸಲ ಓದಿದರು. ಅಣ್ಣನಿರುವುದು ಆ ದ್ವೀಪವಲ್ಲ ಬಿಡು ಎಂದು ತಮಗೆ ತಾವೇ ಹೇಳಿಕೊಂಡು ಮಡಿಸಿಟ್ಟರು.

ಹೊರಡುವ ದಿನ ಒಳ್ಳೆಯ ಮುಹೂರ್ತವಿರಲಿಲ್ಲ. ಹಡಗು ಪಂಚಾಂಗ ನೋಡಿ ಹೊರಡುವುದಿಲ್ಲವಲ್ಲ. ಅಂಥ ಸಂದರ್ಭಕ್ಕೆ ನಮ್ಮಲ್ಲಿ ಒಂದು ರೂಢಿಯಿದೆ — ಪ್ರಸ್ಥಾನ ಇಡುವುದು. ಮುಹೂರ್ತ ಇರುವ ದಿನವೇ, ಪ್ರಯಾಣ ಮಾಡುವವರ ಒಂದು ಬಟ್ಟೆ, ಅಕ್ಕಿ, ಅರಿಶಿನದ ಕೊಂಬು ಗಂಟು ಕಟ್ಟಿ ಬೇರೊಬ್ಬರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಶುರುವಾದಂತೆ. ಆಮೇಲೆ ಹೊರಡುವಾಗ ದಾರಿಯಲ್ಲಿ ಆ ಗಂಟನ್ನು ತೆಗೆದುಕೊಂಡು ಹೋದರಾಯಿತು. ಒಂದೇ ನಿಯಮ — ಇಟ್ಟ ಗಂಟನ್ನು ಹೋಗದೆ ವಾಪಸು ಮನೆಗೆ ತರಬಾರದು.

ಗಂಟು ಯಾರ ಮನೆಯಲ್ಲಿಡುವುದು ಎಂಬುದಕ್ಕೆ ಒಂದು ಬೆಳಗ್ಗೆ ಪೂರ್ತಿ ಚರ್ಚೆ. ಪ್ರಯಾಣದ ದಿಕ್ಕಿನ ಮನೆಯಾಗಬೇಕು. ಅಪ್ಪ ನನ್ನ ಭೂಪಟ ತರಿಸಿ, ಫೀಜಿ ಪೂರ್ವಕ್ಕಿದೆ ಎಂದರು. ರೈಲು ಹೋಗುವುದು ಬೊಂಬಾಯಿಗಲ್ಲವೇ, ಅದು ವಾಯವ್ಯ ಎಂದರು ಅತ್ತಿಗೆ. ಕೊನೆಗೆ ಎದುರುಮನೆ ಪುಟ್ಟತಾಯಮ್ಮನವರು ಬಂದು, ತಮ್ಮ ಮನೆ ಪೂರ್ವಕ್ಕೇ ಇದೆ, ಫೀಜಿಯ ದಾರಿಯಲ್ಲೇ ಇದೆ ಎಂದು ತೀರ್ಮಾನ ಕೊಟ್ಟರು. ಹಳದಿ ಬಟ್ಟೆಯ ಆ ಗಂಟು ಅವರ ದೇವರ ಗೂಡಿನ ಪಕ್ಕ ಕೂತಿತು. ಮರುದಿನ ಅತ್ತಿಗೆ ಅವರ ಮನೆಗೆ ಹೋದಾಗ, "ನಿನ್ನ ಅರ್ಧ ಜೀವ ಆಗ್ಲೇ ಹೊಂಟೋಯ್ತು ಕಣವ್ವ, ಇನ್ನರ್ಧಕ್ಕೆ ಎಷ್ಟು ಲೋಟ ಕಾಫಿ ಕೊಡ್ಲಿ?" ಎಂದು ಅವರು ತಮಾಷೆ ಮಾಡಿದರಂತೆ. ಅತ್ತಿಗೆ ನಗುತ್ತ ಬಂದು ನನಗೆ ಹೇಳಿದರು. ಅವರು ಅಷ್ಟು ನಕ್ಕಿದ್ದನ್ನು ಆಮೇಲೆ ನಾನು ಕಂಡಿಲ್ಲ.

ಗಂಟು ಇಟ್ಟ ಮೂರನೆಯ ದಿನ ತಂತಿ ಬಂತು.

ಮಧ್ಯಾಹ್ನ. ಅಪ್ಪ ಮಲಗಿದ್ದರು. ಗೇಟಿನಲ್ಲಿ ಸೈಕಲ್ಲಿನ ಗಂಟೆ. ಕಾಕಿ ಬಟ್ಟೆಯ ತಂತಿಯವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ಅದು ಜ್ವರಕ್ಕೋ ಧೂಳಿಗೋ ತಿಳಿಯದು. ತಂತಿ ಇದ್ದದ್ದು ಅಪ್ಪನ ಹೆಸರಿಗೆ, ಇಂಗ್ಲಿಷಿನಲ್ಲಿ. ಪದಗಳ ಕ್ರಮ ನಾನು ಹೇಳುವುದಕ್ಕಿಂತ ಬೇರೆ ಇರಬಹುದೆಂದು ಈಗ ಅದನ್ನು ತೆಗೆದು ಮತ್ತೆ ನೋಡಿದೆ. ಹೀಗಿದೆ: ರತ್ನ ಹೊರಡಬಾರದು. ಇಲ್ಲಿ ಜ್ವರ ಹೆಚ್ಚು. ದ್ವೀಪಕ್ಕೆ ವಿಮಾನ ನಿಂತಿದೆ. ಕಾಗದ ಬರೆಯುತ್ತೇನೆ.

ಒಳಗಿನಿಂದ — ಹಿತ್ತಲಿನಿಂದಲೋ ಅಡುಗೆಮನೆಯಿಂದಲೋ — ಅತ್ತಿಗೆ ಕೇಳಿದರು: "ಸರೋಜ, ಯಾರೇ ಅದು?"

"ಯಾರೂ ಇಲ್ಲ ಅತ್ತಿಗೆ. ಅಂಚೆಯವನು ಮನೆ ತಪ್ಪಿ ಬಂದಿದ್ದ."

ನಾನು ಯೋಚಿಸಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಆ ಮಾತು ಬಾಯಿಂದ ಬಂದಾಗ ನಿಜವಾಗಿ ಯೋಚಿಸಿರಲಿಲ್ಲ. ಆದರೆ ಆಮೇಲೆ ಎರಡು ಪೂರ್ತಿ ದಿನಗಳಿದ್ದವು. ಆ ಎರಡು ದಿನ ನಾನು ಯೋಚಿಸುತ್ತಲೇ ಇದ್ದೆ. ಅವರು ಅಲ್ಲಿ ಮುಟ್ಟಲು ತಿಂಗಳಾಗುತ್ತದೆ, ಅಷ್ಟರಲ್ಲಿ ಜ್ವರ ಇಳಿದು ವಿಮಾನ ಮತ್ತೆ ಶುರುವಾಗಿರುತ್ತದೆ — ಹೀಗೆ. ಅಣ್ಣ ಮೊದಲಿನಿಂದಲೂ ಪುಕ್ಕಲ — ಹೀಗೆ. ಎರಡು ವರ್ಷ ಕಾದವರನ್ನು ಈಗ ತಡೆಯುವುದು ಕ್ರೂರವಲ್ಲವೇ — ಹೀಗೂ. ಕೊನೆಗೆ, ಶಾಸ್ತ್ರ ಸಂಪ್ರದಾಯವೆಂದರೆ ಮೂಗು ಮುರಿಯುತ್ತಿದ್ದ ನಾನು, ಪ್ರಸ್ಥಾನದ ಗಂಟನ್ನೇ ಹಿಡಿದುಕೊಂಡೆ. ಪ್ರಯಾಣ ಶುರುವಾಗಿದೆ, ಗಂಟು ವಾಪಸು ಬರಬಾರದು ಅಂತ ಇದೆಯಲ್ಲ! ನಾನು ನಂಬದ ಮಾತು ಆ ಎರಡು ದಿನ ನನಗೆ ಬಹಳ ಉಪಯೋಗಕ್ಕೆ ಬಂತು.

ಹೊರಡುವ ದಿನ ಅತ್ತಿಗೆ ಎದುರುಮನೆಗೆ ಹೋಗಿ ಗಂಟು ಎತ್ತಿಕೊಂಡರು. ಪುಟ್ಟತಾಯಮ್ಮನವರಿಗೆ ಅಷ್ಟರಲ್ಲಿ ಜ್ವರ ಬಂದಿತ್ತು. ಮಲಗಿದ್ದಲ್ಲಿಂದಲೇ ಕೈಯೆತ್ತಿದರು. ನಿಲ್ದಾಣದಲ್ಲಿ ಅತ್ತಿಗೆ ಕಿಟಕಿಯ ಸರಳಿನಾಚೆಯಿಂದ ನನ್ನ ಬೆರಳು ಹಿಡಿದುಕೊಂಡು, ಚೆನ್ನಾಗಿ ಓದು, ನನ್ನಂಗೆ ಅರ್ಧಕ್ಕೆ ಬಿಡಬೇಡ ಎಂದರು. ಅವರೂ ಇಂಟರ್‌ಮೀಡಿಯೆಟ್ ಅರ್ಧಕ್ಕೆ ಬಿಟ್ಟವರು. ಗಾಡಿ ಅಲುಗಾಡುವವರೆಗೂ ನನಗೆ ಸಮಯವಿತ್ತು.

ಆಮೇಲಿನದನ್ನು ಅತ್ತಿಗೆ ವಾಪಸು ಬಂದ ಹೊಸದರಲ್ಲಿ ಒಂದೇ ಒಂದು ಸಲ, ಯಾರದೋ ಕತೆ ಹೇಳುವ ಹಾಗೆ ಹೇಳಿದರು. ದೊಡ್ಡ ದ್ವೀಪದ ಬಂದರಿನ ಊರಿನವರೆಗೆ ಮುಟ್ಟಿದರು. ಅಲ್ಲಿಂದ ಮುಂದೆ ದಾರಿಯಿಲ್ಲ. ಬಾತುಕೋಳಿ ವಿಮಾನ ದಡದ ಹತ್ತಿರ ನೀರಿನಲ್ಲಿ ಕಟ್ಟಿಹಾಕಿದಂತೆ ಕೂತಿತ್ತು. ದಿನವೂ ಬೆಳಿಗ್ಗೆ ಹೋಗಿ ಅದನ್ನು ನೋಡಿ ಬರುತ್ತಿದ್ದರಂತೆ. ಚಾಲಕರಲ್ಲಿ ಒಬ್ಬನಿಗೆ ಜ್ವರ. ಜ್ವರ ಬಿದ್ದ ದ್ವೀಪಗಳಿಗೆ ಹೋಗಬಾರದೆಂದು ಅಪ್ಪಣೆ ಬೇರೆ. ನಾಳೆ ಎನ್ನುತ್ತಿದ್ದರು, ಮಾರನೆಯ ದಿನವೂ ನಾಳೆ ಎನ್ನುತ್ತಿದ್ದರು. ಹೀಗೆ ಹನ್ನೊಂದು ದಿನ, ಪರಿಚಯವಿಲ್ಲದವರ ಮನೆಯ ಜಗುಲಿಯಲ್ಲಿ, ಹಳದಿ ಗಂಟನ್ನು ಬಿಚ್ಚದೆ.

ಹೆಂಡತಿ ಬಂದಿದ್ದಾಳೆಂದು ಅಣ್ಣನಿಗೆ ವೈರ್‌ಲೆಸ್ಸಿನಲ್ಲಿ ತಿಳಿಯಿತು. ವಿಮಾನ ಬರುವುದಿಲ್ಲವೆಂದು ಅವನಿಗೆ ಗೊತ್ತು. ಕೊಬ್ಬರಿ ಸಾಗಿಸುವ ಒಂದು ದೋಣಿ ಹತ್ತಿದ. ಬೇಡವೆಂದು ಶಾಲೆಯವರು ತಡೆದರಂತೆ. ದೋಣಿಯಲ್ಲಿ ಆಗಲೇ ಇಬ್ಬರು ಕಾಯಿಲೆಯವರಿದ್ದರು. ಎರಡು ದಿನ ಸಮುದ್ರ. ಇಳಿಯುವಾಗ ಅವನನ್ನು ಹಿಡಿದುಕೊಂಡೇ ಇಳಿಸಬೇಕಾಯಿತು. ಆಸ್ಪತ್ರೆಯಲ್ಲಿ ಒಂದೂವರೆ ದಿನ ಇದ್ದ.

ಅತ್ತಿಗೆ ಹೋಗದಿದ್ದರೆ ಅವನು ಆ ದೋಣಿ ಹತ್ತುತ್ತಿರಲಿಲ್ಲ. ಇದನ್ನು ಎಷ್ಟು ತಿರುಗಿಸಿ ನೋಡಿದರೂ ಇದಕ್ಕೆ ಇನ್ನೊಂದು ಮಗ್ಗುಲಿಲ್ಲ.

ಎರಡನೆಯ ತಂತಿಯನ್ನು ಅಪ್ಪನೇ ಸಹಿ ಹಾಕಿ ತೆಗೆದುಕೊಂಡರು. ಆಮೇಲೆ, ಕರ್ಮಗಳೆಲ್ಲ ಮುಗಿದು ಎರಡು ವಾರಕ್ಕೆ, ಅಣ್ಣನದೇ ಕೈಬರಹದ ಕಾಗದ ಬಂತು. ಮೊದಲ ತಂತಿ ಕೊಟ್ಟ ಬೆನ್ನಿಗೇ ಬರೆದದ್ದು. ವಿಮಾನ ನಿಂತಿದೆ ಎಂದು ತಿಳಿಸುವ ಕಾಗದ ವಿಮಾನ ನಿಂತಿದ್ದರಿಂದಲೇ ದ್ವೀಪದಲ್ಲಿ ಬಿದ್ದುಕೊಂಡಿತ್ತು. ಅಪ್ಪ ನಿಂತುಕೊಂಡೇ ಓದಿದರು. ಓದಿ, ಕನ್ನಡಕ ತೆಗೆದರು.

"ತಂತಿ ಕೊಟ್ಟಿದೀನಿ ಅಂತ ಬರ್ದಿದಾನೆ. ಬಂದಿತ್ತೇನಮ್ಮ?"

"ಇಲ್ಲ ಅಪ್ಪ."

ಅಪ್ಪ ಕೋಟು ಹಾಕಿಕೊಂಡರು, ಕೊಡೆ ತೆಗೆದುಕೊಂಡರು. ತಂತಿ ಕಚೇರಿಗೆ ಹೊರಟಿದ್ದಾರೆಂದು ನನಗೆ ತಿಳಿಯಿತು. ಅಲ್ಲಿನ ಪುಸ್ತಕದಲ್ಲಿ ನನ್ನ ಸಹಿಯಿತ್ತು. ಗೇಟಿನವರೆಗೆ ಹೋದರು. ಚಿಲಕದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು — ಬಹಳ ಹೊತ್ತು ಎಂದು ನನಗನ್ನಿಸಿತ್ತು. ಮತ್ತೆ ಒಳಗೆ ಬಂದು, ಈಗ ಕೇಳಿ ಏನಾಗಬೇಕು ಎಂದರು. ನನ್ನ ಮುಖ ನೋಡಲಿಲ್ಲ. ಎರಡು ವರ್ಷಕ್ಕೆ ಅವರೂ ತೀರಿಕೊಂಡರು.

ಸಾವಿನ ಮನೆಯೆಂದು ಮದುವೆಯ ಮಾತು ನಿಂತಿತು. ನಾನು ಎಂ.ಎ. ಮುಗಿಸಿದೆ, ಮೊದಲ ದರ್ಜೆಯಲ್ಲಿ. ಕೆಲಸ ಸಿಕ್ಕಿತು. ನನ್ನ ಹೆಸರಿನ ಮುಂದೆ ಬರೆದುಕೊಳ್ಳುವ ಆ ಎರಡು ಅಕ್ಷರಗಳು ಹೇಗೆ ಬಂದವೆಂದು ತಿಳಿದವಳು ನಾನೊಬ್ಬಳೇ ಎಂದುಕೊಂಡು ಒಂಬತ್ತು ವರ್ಷ ಕಳೆದೆ.

ಅತ್ತಿಗೆ ಈಗಲೂ ಇದೇ ಮನೆಯಲ್ಲಿದ್ದಾರೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಹೇಳಿಕೊಡುತ್ತಾರೆ. ಸಂಜೆ ನಾನು ಕಾಲೇಜಿನಿಂದ ಬಂದರೆ ಕಾಫಿ ತಯಾರಿರುತ್ತದೆ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ. ಹಡಗಿನ ಬಗ್ಗೆ ಹೇಳಿದ್ದಾರೆ, ಜಗುಲಿಯ ಬಗ್ಗೆ, ನೀರಿನ ಮೇಲೆ ಕೂತಿದ್ದ ಆ ವಿಮಾನದ ಬಗ್ಗೆ. ಆಸ್ಪತ್ರೆಯ ಒಂದೂವರೆ ದಿನದ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಅಣ್ಣನಿಗೆ ಮಾತಾಡುವಷ್ಟು ಪ್ರಜ್ಞೆ ಇತ್ತಂತೆ, ಅದನ್ನು ಜೊತೆಗಿದ್ದ ಮದರಾಸಿನ ಮೇಷ್ಟರು ಅಪ್ಪನಿಗೆ ಬರೆದಿದ್ದರು. ಹೆಂಡತಿಯನ್ನು ಕಂಡವನು ಮೊದಲು ಏನು ಕೇಳಿರುತ್ತಾನೆ? ಯಾಕೆ ಬಂದೆ, ನನ್ನ ತಂತಿ ಸಿಗಲಿಲ್ಲವೇ — ಇದಲ್ಲದೆ ಇನ್ನೇನು? ಹಾಗಾದರೆ ಅತ್ತಿಗೆಗೆ ಒಂಬತ್ತು ವರ್ಷದಿಂದ ಗೊತ್ತು. ಮನೆ ತಪ್ಪಿ ಬಂದ ಅಂಚೆಯವನ ನೆನಪೂ ಅವರಿಗಿರಬೇಕು. ಗೊತ್ತಿದ್ದೇ ಲೋಟಕ್ಕೆ ಕಾಫಿ ಸುರಿದಿದ್ದಾರೆ.

ಅಥವಾ ಇದೂ ನಾನು ಕಟ್ಟಿಕೊಂಡದ್ದೇ ಇರಬಹುದು. ತಪ್ಪು ಮಾಡಿದವರಿಗೆ ಎಲ್ಲರ ಮೌನವೂ ತಮ್ಮದೇ ವಿಷಯವಾಗಿ ಕೇಳಿಸುತ್ತದೆ.

ಹೋದ ಭಾನುವಾರ ಬೆಳಿಗ್ಗೆ ಚರಿತ್ರೆಯ ಪುಸ್ತಕದಿಂದ ತಂತಿ ತೆಗೆದೆ. ಮಡಿಕೆಗಳಲ್ಲಿ ಹರಿದು ತಾರೀಖಿನ ಮುದ್ರೆ ಹೋಗಿದೆ, ಅಕ್ಷರ ಇನ್ನೂ ಓದಬಹುದು. ಅತ್ತಿಗೆಯ ಹೊಲಿಗೆ ಯಂತ್ರದ ಮೇಲೆ ಬಿಚ್ಚಿ ಇಟ್ಟು, ಹೊರಗೆ ಹೋದೆ. ಚಾಮುಂಡಿ ಬೆಟ್ಟದ ಕಡೆ ನಡೆದೆ ಎಂದು ನೆನಪು. ಎಷ್ಟು ದೂರವೆಂದು ನೆನಪಿಲ್ಲ. ಮಧ್ಯಾಹ್ನ ಬಂದು ನೋಡಿದರೆ ತಂತಿ ಅಲ್ಲೇ ಇತ್ತು. ಗಾಳಿಗೆ ಹಾರದಂತೆ ಅದರ ಮೇಲೆ ಕತ್ತರಿ ಇಟ್ಟಿದ್ದರು. ಅವರು ಕಿಟಕಿಯ ಬೆಳಕಿಗೆ ಯಾರದೋ ರವಿಕೆಯ ತೋಳು ಹಿಡಿದು ಅಂಚು ಹೊಲಿಯುತ್ತಿದ್ದರು. ಎಲೆ ಹಾಕಿತ್ತು, ನನಗೊಂದು, ಅವರಿಗೊಂದು.

ಕ್ಷಮಿಸಿ ಎಂದು ಕೇಳಲು ಬಂದಿದ್ದೆ. ಬಾಗಿಲಲ್ಲೇ ನಿಂತು ಕೇಳಿದ್ದು ಬೇರೆಯದನ್ನು:

"ಅತ್ತಿಗೆ, ತಂತಿ ಯಾಕೆ ತಲುಪಲಿಲ್ಲ ಅಂತ ಅಣ್ಣ ಕೇಳಿದಾಗ, ನೀವು ಅವನಿಗೆ ಏನು ಹೇಳಿದ್ರಿ?"