ಹಳದಿ ಪಟ್ಟಿಯಾಚೆಯ ಮಡಿ

ಅಕ್ಷರ ಕಲಿಸಿದ ಗುರುಗಳಿಗೆ, ಅನ್ನವಿಟ್ಟ ಎರಡು ನೆಲಗಳಿಗೆ, ಕೊಟ್ಟದ್ದನ್ನು ತಾನೇ ಹಿಂಪಡೆಯುವ ಪರಮಾತ್ಮನಿಗೆ ಮೊದಲು ಕೃತಜ್ಞತೆಯ ನಮಸ್ಕಾರ.

ಷಿಕಾಗೋದ ಆಸ್ಪತ್ರೆಯೊಂದರಲ್ಲಿ, ನನ್ನ ಪತ್ನಿ ಜಯಮ್ಮನ ಕೋಣೆಯ ಬಾಗಿಲಲ್ಲಿ ದಾದಿ ನೆಲಕ್ಕೆ ಹಳದಿ ಪಟ್ಟಿ ಅಂಟಿಸಿ, ದಾಟಬಾರದೆಂದು ನನಗೆ ಕೈಸನ್ನೆ ಮಾಡಿದಳು. ವಿಶ್ವವಿದ್ಯಾಲಯದ ಓಲೆಗರಿಗಳನ್ನು ಓದಿ ಪಟ್ಟಿ ಮಾಡಲು ನಾನು ಮೈಸೂರಿನಿಂದ ಬಂದಿದ್ದೆ. ಷಿಕಾಗೋದ ಹೊರವಲಯದ ಲೊಂಬಾರ್ಡಿನಲ್ಲಿ ನಾವಿಬ್ಬರೂ ಸಂಸಾರ ಹೂಡಿ ಅದು ಎರಡನೆಯ ಚಳಿಗಾಲ. ಅವಳ ಕೊರಳ ಗ್ರಂಥಿಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಕಿರಣ ಸೂಸುವ ಅಯೋಡಿನ್ ಕುಡಿಸಿದ್ದರು; ಅದು ತಗ್ಗುವವರೆಗೆ ಅವಳ ಹತ್ತಿರ ಯಾರೂ ಹೋಗುವಂತಿರಲಿಲ್ಲ.

"ನಲವತ್ತು ವರ್ಷ ಮಡಿ ಮಡಿ ಅಂತ ನಿಮ್ಮನ್ನ ಬಾಗಿಲಾಚೆ ನಿಲ್ಲಿಸ್ದೆ. ನನಗಿಂತ ಜೋರು ಮಡಿಯವಳು ಈ ದೇಶದಲ್ಲಿ ಸಿಕ್ಕಳು ನೋಡಿ," ಎಂದು ಒಳಗಿನಿಂದಲೇ ನಕ್ಕಳು.

ನಮ್ಮೂರಿನ ಮಡಿ ಒಂದು ಸ್ನಾನಕ್ಕೆ ಮುಗಿಯುತ್ತಿತ್ತು. ಇಲ್ಲಿ ಕಿರಣ ಎಣಿಸುವ ಯಂತ್ರ ಅಪ್ಪಣೆ ಕೊಡಬೇಕು.

ಕಾರಿನಲ್ಲಿ ಕರೆದುಕೊಂಡು ಬಂದಿದ್ದ ಹಳೆಯ ಶಿಷ್ಯ ಸುಬ್ಬಣ್ಣ ಭೌತಶಾಸ್ತ್ರಜ್ಞ. ಸುಮಾರು ನಲವತ್ತು ವರ್ಷಗಳ ಹಿಂದೆ, 1934ರಲ್ಲಿ, ಪ್ಯಾರಿಸ್ಸಿನ ವಿಜ್ಞಾನಿ ದಂಪತಿ ಅಲ್ಯೂಮಿನಿಯಂ ತಗಡಿನ ಮೇಲೆ ಪೊಲೋನಿಯಂನ ಕಿರಣ ಹಾಯಿಸಿದ ಕಥೆಯನ್ನು ಅವನು ಹೇಳಿದ. ಪೊಲೋನಿಯಂ ತೆಗೆದಿಟ್ಟ ಮೇಲೂ ತಗಡು ತಾನೇ ಕಿರಣ ಸೂಸಿತಂತೆ. ಎಣಿಸುವ ಯಂತ್ರ ಕೆಲವು ನಿಮಿಷ ಟಿಕಟಿಕಿಸಿ ಮೆಲ್ಲಗೆ ಸುಮ್ಮನಾಯಿತಂತೆ. ಮನುಷ್ಯ ಕೈಯಾರೆ ಹುಟ್ಟಿಸಿದ ಮೊದಲ ವಿಕಿರಣಶೀಲ ವಸ್ತು ಅದು. ಜಯಮ್ಮನ ಔಷಧ ಅದೇ ವಂಶದ್ದು.

"ಆಮೇಲೆ ಮತ್ತೆ ಅಲ್ಯೂಮಿನಿಯಂ ಆಯಿತೇನಯ್ಯ?"

"ಇಲ್ಲ ಮೇಷ್ಟ್ರೇ. ಏಟು ತಿಂದ ಪರಮಾಣು ಫಾಸ್ಫರಸ್ ಆಯ್ತು, ಅಲ್ಲಿಂದ ಸಿಲಿಕಾನ್. ರಿಟರ್ನ್ ಟಿಕೆಟ್ ಇಲ್ಲ."

ದಾದಿ ದಿನವೂ ಅಂಥದೇ ಯಂತ್ರವನ್ನು ಜಯಮ್ಮನೆದುರು ಹಿಡಿಯುತ್ತಿದ್ದಳು. ಮೊದಲ ದಿನ ಆಲಿಕಲ್ಲು ಸುರಿದಂಥ ಸದ್ದು. ಮೂರನೆಯ ದಿನಕ್ಕೆ ಹೆಚ್ಚುಕಡಿಮೆ ಮೌನ. ಪಟ್ಟಿ ಕಿತ್ತರು. ನಾನು ಒಳಹೊಕ್ಕು ಅವಳ ಕೈ ಹಿಡಿದೆ. ದೇವರಿಗೆ ನೈವೇದ್ಯ ಮಾಡಿ ತಂದಿದ್ದ ಸಜ್ಜಿಗೆಯನ್ನು ದಾದಿಗೂ ಕೊಟ್ಟೆ. ಅವಳು ಏನೆಂದು ಕೇಳದೆ ತಿಂದಳು.

ವೈದ್ಯರು ಮಾತ್ರ ತಿನ್ನಲಿಲ್ಲ. ಗಡ್ಡೆ ಔಷಧವನ್ನು ಹಿಡಿದಿಟ್ಟುಕೊಂಡಿದ್ದರೆ ಯಂತ್ರ ಇನ್ನೂ ಕೂಗಬೇಕಿತ್ತು ಎಂದರು. ಔಷಧವೆಲ್ಲ ಮೂತ್ರದಲ್ಲಿ ಹರಿದುಹೋಗಿತ್ತು, ಬೇರೆ ಉಪಾಯವಿರಲಿಲ್ಲ. ಮೂರು ದಿನ ದೇವರ ಮುಂದೆ ನಾನು ಬೇಡಿಕೊಂಡದ್ದು ಆ ಮೌನವನ್ನೇ.

"ಊರಿಗೆ ಹೋಗೋಣವೇ?" ಎಂದೆ.

"ಅಷ್ಟು ದೂರಕ್ಕೆ ಈ ಉಸಿರು ಸಾಲಲ್ಲ. ಇಲ್ಲೇ ಕೂತ್ಕೊಳಿ. ಈಗ ಮಡಿ ಇಲ್ಲವಲ್ಲ."

ಚೈತ್ರದಲ್ಲಿ, ಇಲ್ಲಿ ಇನ್ನೂ ಹಿಮ ಕರಗದಿರುವಾಗ, ಹೋದಳು. ಅಸ್ಥಿಯಲ್ಲಿ ಅರ್ಧ ಮಿಷಿಗನ್ ಸರೋವರ ಸೇರಿತು. ಉಳಿದರ್ಧ ಕಾವೇರಿಗೆಂದು ನನ್ನ ಬಳಿಯೇ ಇದೆ. ಮೈಸೂರಿನವನೆಂದು ಬರೆಯಹೊರಟರೆ ಲೇಖನಿ ತಡೆಯುತ್ತದೆ. ಲೊಂಬಾರ್ಡಿನವನೆಂದೂ ಬರೆಯಲಾರೆ. ಆ ತಗಡು ನೆನಪಾಗುತ್ತದೆ.

ತಗಡಿನ ಮುಂದೆ ಕಾದು ಕುಳಿತ ಆ ದಂಪತಿಗೆ, ಸುಬ್ಬಣ್ಣನಿಗೆ, ಸಜ್ಜಿಗೆ ತಿಂದ ದಾದಿಗೆ, ತಿನ್ನಲಾರದೆ ಹೋದ ವೈದ್ಯರಿಗೆ ಭಗವಂತ ಒಳ್ಳೆಯದು ಮಾಡಲಿ.