ಅಪ್ಪನ ಗಡಿಯಾರಕ್ಕೆ ಹೊಂದುವ ಗುಂಡಿ

2019ರ ಏಪ್ರಿಲ್ 5, ಶುಕ್ರವಾರ, ಯುಗಾದಿಯ ಹಿಂದಿನ ದಿನ: ನನ್ನ ದಿನಚರಿಯನ್ನು ಆ ವರ್ಷದ ಪಂಚಾಂಗದೊಡನೆ ಹೋಲಿಸಿ ನೋಡಿಯೇ ಬರೆಯುತ್ತಿದ್ದೇನೆ. ಅಪ್ಪ ಬಿಟ್ಟುಹೋದ ದುಬಾರಿ ವಿದೇಶಿ ಕೈಗಡಿಯಾರ ಒಂದು ಯುಗಾದಿಯಿಂದ ಮತ್ತೊಂದು ಯುಗಾದಿಯವರೆಗೆ ಸರದಿಯಂತೆ ನಮ್ಮಲ್ಲಿ ಒಬ್ಬೊಬ್ಬರ ಬಳಿ ಇರುತ್ತದೆ. ಮರುದಿನ ಅದನ್ನು ಹೊಸದುರ್ಗದ ಅಕ್ಕನಿಗೆ ಒಪ್ಪಿಸಬೇಕಿತ್ತು. ನಾನೋ ಅದರ ಕೀ ಕೊಡುವ ಗುಂಡಿಯನ್ನೇ ಕಳೆದಿದ್ದೆ.

ಅದೇ ಕಂಪನಿಯ, ಅದೇ ಹೆಸರಿನ ಹೊಸ ಗಡಿಯಾರದ ಗುಂಡಿಯೊಂದನ್ನು ತರಿಸಿ, ಹಿರಿಯೂರಿನ ವಾಚ್ ರಿಪೇರಿಯವರ ಮುಂದೆ ಹೆಮ್ಮೆಯಿಂದ ಇಟ್ಟೆ. ಅವರು ನಕ್ಕರು.

"ಹೆಸ್ರು ಒಂದೇ ಐತೆ ಸಾರ್. ಆದ್ರೆ ಹೊಸದ್ರ ತೂತು ದೊಡ್ದು, ನಿಮ್ ವಾಚಿನ ಕಡ್ಡಿ ಸಣ್ದು."

"ಕಂಪನಿಯ ಪಟ್ಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿವೆಯಲ್ಲ?"

"ಕೀ ಕೊಡಾದು ಪಟ್ಟಿಗೇನ್ರಿ? ಕುಂತ್ಕಳ್ರಿ."

ಹಳೆಯ ಡಬ್ಬಿಯೊಂದನ್ನು ಸುರಿದು, ಯಾವುದೋ ಅಗ್ಗದ ವಾಚಿನ ಗುಂಡಿಯನ್ನು ಹೆಕ್ಕಿ ತಿರುಗಿಸಿದರು. ಅದು ಸಲೀಸಾಗಿ ಕೂತು, ಗಡಿಯಾರ ಓಡಿತು.

ಮರುದಿನ ಅಕ್ಕ ಒಂದೇ ನೋಟಕ್ಕೆ ಕಂಡುಹಿಡಿದಳು. "ಏನಪ್ಪ ಪಂಡಿತ, ಕಂಪನಿ ಗುಂಡಿ ಎಲ್ಲೈತೆ? ಅಪ್ಪ ಇದನ್ನ ಯಾವ ರಿಪೇರಿಯವ್ರ ಕೈಗೂ ಕೊಟ್ಟೋರಲ್ಲ. ಮೊದ್ಲಿನಂಗೆ ಮಾಡಿಸ್ಕಂಡು ಬಾ, ಅಲ್ಲೀಗಂಟ ನಾನು ತಗಳಲ್ಲ."

ನನಗೂ ಹಾಗೆಯೇ ನೆನಪಿತ್ತು. ಸರಿಯಾದ ಗುಂಡಿಯ ವಿವರ ಸಿಗಬಹುದೆಂದು ಗಡಿಯಾರದ ಪೆಟ್ಟಿಗೆಯ ಮಖಮಲ್ಲನ್ನು ಎತ್ತಿದೆ. ಅಡಿಯಲ್ಲೊಂದು ಚೀಟಿಯಿತ್ತು. ಅದನ್ನು ಓದಿದ ಅಕ್ಕ ಜೋರಾಗಿ ನಕ್ಕು, ಗಡಿಯಾರವನ್ನು ಕೈಗೆ ಕಟ್ಟಿಕೊಂಡಳು. ನಮ್ಮಿಬ್ಬರ ನೆನಪಿಗೂ ವಿರುದ್ಧವಾದ ಆ ದಾಖಲೆ, 1984ರಲ್ಲಿ ಚಿತ್ರದುರ್ಗದ ಅಂಗಡಿಯೊಂದು ಅಪ್ಪನಿಗೆ ಬರೆದುಕೊಟ್ಟದ್ದು: "ಕಂಪನಿ ಗುಂಡಿ ಕಳೆದಿದೆ. ಬೇರೆ ವಾಚಿನದು ಹಾಕಿದೆ."